ಮಾವನ ಕಂಬಳಿಗೆ ನನ್ನ ರಸಾಯನಶಾಸ್ತ್ರ

ಮೇಷ್ಟರಿಗೆಲ್ಲ ಒಂದು ಶಾಪವಿದೆ: ಅವರು ಹೇಳುವ ಪಾಠ ಅವರಿಗೆ ಮಾತ್ರ ಹತ್ತುವುದಿಲ್ಲ. ನಾನು ಹೊಸದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವನು. ನೀರಿನ ಅಣು ನೆಟ್ಟಗಿಲ್ಲ, ಬಾಗಿದೆ. ಹಾಗೆ ಬಾಗಿರುವುದರಿಂದಲೇ ಒಂದು ಕಡೆ ಧನ, ಇನ್ನೊಂದು ಕಡೆ ಋಣ. ಆದ್ದರಿಂದ ನೀರಿಗೆ ನೀರನ್ನು ಕಂಡರೆ ಪ್ರೀತಿ, ಜಿಡ್ಡನ್ನು ಕಂಡರೆ ಅಷ್ಟಕ್ಕಷ್ಟೇ. ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕೇಳದಿದ್ದರೂ ಹೇಳುತ್ತೇನೆ ಎಂಬುದು ನನ್ನ ಹೆಂಡತಿಯ ದೂರು.

ಹೋದ ತಿಂಗಳು ಮಾಡದಕೆರೆಯಿಂದ ಮಾವ ಬಂದು ಎರಡು ದಿನ ನಮ್ಮಲ್ಲಿದ್ದರು. ಕುರಿ ಕಾಯುವವರು. ತಮ್ಮದೇ ಕುರಿಗಳ ಉಣ್ಣೆಯಲ್ಲಿ ನೇಯಿಸಿದ ಕರಿ ಕಂಬಳಿಯೇ ಅವರಿಗೆ ಹಾಸಿಗೆ, ಹೊದಿಕೆ, ಕೊಡೆ ಎಲ್ಲ. ಅದರ ವಾಸನೆ ನಡುಮನೆ ದಾಟಿ ಅಡುಗೆಮನೆಗೂ ಬಂತು. ಬಿಸಿಲಿತ್ತೆಂದು ಅದನ್ನು ಬಿಟ್ಟು ಅವರು ಸಂತೆಗೆ ಹೋದಾಗ, ಅಳಿಯನ ಭಕ್ತಿ ಉಕ್ಕಿ ಬಂದು, ಸೋಪಿನ ಪುಡಿ ಹಾಕಿ ಮೂರು ಸಲ ತಿಕ್ಕಿ ತೊಳೆದೆ. ಬಿಟ್ಟುಬಂದ ಜಿಡ್ಡು ಕಂಡು ಹಿಗ್ಗಿಹೋದೆ. ಮಾವ ಕಂಬಳಿಯನ್ನು ಮೂಸಿ ನೋಡಿ, ಹೆಗಲಿಗೆ ಹಾಕಿಕೊಂಡು ಊರಿಗೆ ಹೋದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಸೋನೆ ಹಿಡಿಯಿತು. ಭಾನುವಾರ ಮಾಡದಕೆರೆಗೆ ಹೋದರೆ ಮಾವ ಜ್ವರದಲ್ಲಿ ಮಲಗಿದ್ದಾರೆ. ಬಯಲಲ್ಲಿ ಮಳೆಗೆ ಸಿಕ್ಕಿದಾಗ ಕಂಬಳಿ ನೀರು ಕುಡಿದು, ಒಳಗಿನ ಅಂಗಿಯೂ ತೊಯ್ದುಹೋಯಿತಂತೆ. ಅತ್ತೆ ಕಾಫಿ ಲೋಟವನ್ನು ನನ್ನೆದುರು ಕುಕ್ಕಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾವನಿಗೆ ಮಾತ್ರ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ತೊಳೆಯದ ಇನ್ನೊಂದು ಕಂಬಳಿ ತರಿಸಿ, ಎರಡರ ಮೇಲೂ ನೀರು ಚಿಮುಕಿಸಿದರು. ತೊಳೆಯದ್ದರ ಮೇಲೆ ಹನಿಗಳು ಗುಂಡಗೆ ನಿಂತು ಉರುಳಿದವು. ನಾನು ತೊಳೆದದ್ದರಲ್ಲಿ ಇಂಗಿಹೋದವು.

“ಇದ್ಯಾಕಿಂಗೆ? ಓದಿದೋರು, ಹೇಳ್ರಿ” ಎಂದರು.

ಎದ್ದು ಓಡಲಾರದ ಶಿಷ್ಯ ಸಿಕ್ಕಿದ್ದೇ ತಡ, ಶುರು ಹಚ್ಚಿಕೊಂಡೆ. ನೀರಿನ ಅಣುಗಳು ಒಂದನ್ನೊಂದು ಎಳೆದುಕೊಳ್ಳುವುದು, ಕುರಿಯ ಜಿಡ್ಡಿಗೆ ಅಂಟಿಕೊಳ್ಳಲು ಮನಸ್ಸಿಲ್ಲದೆ ಹನಿಯಾಗಿ ದುಂಡಗಾಗುವುದು, ಸೋಪಿನ ಅಣು ಒಂದು ತುದಿಯಲ್ಲಿ ಜಿಡ್ಡನ್ನೂ ಇನ್ನೊಂದು ತುದಿಯಲ್ಲಿ ನೀರನ್ನೂ ಹಿಡಿದು ಜಿಡ್ಡನ್ನೇ ಸಾಗಹಾಕುವುದು, ಎಲ್ಲ ಹೇಳಿದೆ. ತರಗತಿಯಲ್ಲೂ ಅಷ್ಟು ಚೆನ್ನಾಗಿ ಹೇಳಿದವನಲ್ಲ. ಒಳಗಿನಿಂದ ಅತ್ತೆ “ಪುಸ್ತಕದ ಬದನೆಕಾಯಿ” ಎಂದದ್ದು ಕೇಳಿಸಿತು. ಮಾವ ಮಾತ್ರ ಒಂದಕ್ಷರ ಬಿಡದೆ ಕೇಳಿ, ಮೆಲ್ಲಗೆ ಎದ್ದು ಕುಳಿತರು.

“ಇದೆಲ್ಲ ನಿಮಗೆ ಮೊದ್ಲೇ ಗೊತ್ತಿತ್ತಾ?”

“ಇಪ್ಪತ್ತು ವರ್ಷದಿಂದ ಇದನ್ನೇ ಹೇಳ್ಕೊಡ್ತಿದೀನಿ, ಮಾವ” ಎಂದೆ, ಹೆಮ್ಮೆಯಿಂದಲೇ.

“ಮತ್ತೆ ಯಾಕ್ ತೊಳದ್ರಿ?”

ಪರೀಕ್ಷೆಗೆ ಬಾರದ ಪ್ರಶ್ನೆಗಳಿಗೆ ಉತ್ತರ ಹೇಳಿ ನನಗೆ ಅಭ್ಯಾಸವಿಲ್ಲ.