ಆಯಿಯ ಬಾವಿಯೂ ನನ್ನ ಟೇಪೂ

ಬಾವಿಯೊಳಗೆ ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆಯುವ ನೌಕರಿ ಹಿಡಿದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕಟ್ಟೆಯ ಮೇಲೆ ಬಗ್ಗಿ ನಿಂತರೆ ಸಾಕು, ನಗು ತಾನೇ ಹುಡುಕಿಕೊಂಡು ಬರುತ್ತದೆ. ಮೊನ್ನೆ ಹೀಗೇ ಬಗ್ಗಿ ನಿಂತಿದ್ದೆ. ಹಾದಿಯಲ್ಲಿ ಹೊರಟಿದ್ದ ಒಬ್ಬ ಮುತ್ಯಾ ನಿಂತು ಕೇಳಿದ:

"ಏನ್ ಬಿದ್ದದಪಾ ಒಳಗ? ಕೊಡಾನೋ, ಮೊಬೈಲೋ?"

"ಏನೂ ಬಿದ್ದಿಲ್ಲ ಮುತ್ಯಾ, ನೀರು ನೋಡಾಕತ್ತೀನಿ."

"ಸಿಕ್ರ ನನಗೂ ಒದರಿ ಹೇಳು. ನಾನೂ ಭಾಳ ದಿನದಿಂದ ಹುಡಕಾಕತ್ತೀನಿ" ಅಂದು ಹೋಗಿಬಿಟ್ಟ.

ನಾನು ಸೊಲ್ಲಾಪುರದವನು. ನಮ್ಮ ಮನೆತನದವರೆಲ್ಲ ಚಾದರದ ವ್ಯಾಪಾರಿಗಳು. ನಾನೊಬ್ಬ ಭೂಜಲದ ಸರಕಾರಿ ಕಚೇರಿ ಸೇರಿ ಬಾವಿ ಇಣುಕುವವನಾದೆ. ಕಚೇರಿಯಲ್ಲಿ ಕಾಗದವೂ ಮಾತೂ ಮರಾಠಿ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ, ಅದರಲ್ಲೂ ಮುದುಕರ ಬಾಯಲ್ಲಿ, ಕನ್ನಡ. ಎರಡರ ನಡುವೆ ಮೋಟರ್‌ಸೈಕಲ್ ಮೇಲೆ ನಾನು. ನನಗೆ ಈ ಕೆಲಸದ ಹುಚ್ಚು ಎಷ್ಟೆಂದರೆ, ನೀರು ಒಂದು ಗೇಣು ಏರಿದರೂ ಮನೆಗೆ ಪೇಢೆ ಒಯ್ಯುತ್ತೇನೆ.

ಇಲ್ಲಿ ಹೇಳುವುದೆಲ್ಲ, ನಮ್ಮ ಮನೆಯ ಒಂದು ಮಾತು ಬಿಟ್ಟರೆ, ಮೈಂದರ್ಗಿ ಆಚೆಯ ಒಂದೇ ಹಳ್ಳಿಯಲ್ಲಿ, ಒಂದೇ ವರ್ಷ ನಡೆದದ್ದು. ಆ ಊರಿಗೆಲ್ಲ ಕುಡಿಯುವ ನೀರಿನ ಬಾವಿ ಒಂದೇ. ಅದಕ್ಕೆ ಹತ್ತಿಕೊಂಡೇ ಒಬ್ಬ ಮುದುಕಿಯ ಹೊಲ. ಊರೆಲ್ಲ ಆಕೆಯನ್ನು ಆಯಿ ಅಂತಲೇ ಕರೆಯುತ್ತದೆ. ಆಯಿಯ ಸ್ವಂತ ಬಾವಿ ಬತ್ತುತ್ತ ಬಂದಿತ್ತು, ಹೊಸ ಬೋರ್ ಹೊಡೆಸುವುದೆಂದು ಆಕೆ ಹಟ ಹಿಡಿದಿದ್ದಳು. ಆಕೆ ಬೋರ್ ಹೊಡೆದರೆ ಊರಿನ ಬಾವಿ ಒಣಗುವುದು ಖಂಡಿತ. ಹೊಡೆಯಬಾರದೆಂದು ಕಾಯ್ದೆ ಇದೆ, ನಿಜ. ಆದರೆ ಕಾಯ್ದೆಯ ಕಾಗದ ಮೂರು ಟೇಬಲ್ ದಾಟುವುದರೊಳಗೆ ಬೋರಿನ ಗಾಡಿ ಮೂರು ಊರು ದಾಟಿರುತ್ತದೆ. ನಾನು ಆಯಿಯ ಕಾಲು ಹಿಡಿದೆ. "ನಿಮ್ಮ ಬಾವಿ ಸುತ್ತ ಇಂಗುಗುಂಡಿ ತೋಡೋಣ್ರಿ, ಮಳಿನೀರು ಒಳಗ ಇಳದು ನಿಮ್ಮ ಬಾವೀನೂ ತುಂಬ್ತದ, ಊರಿಂದೂ ಉಳೀತದ" ಅಂದೆ.

ಆಯಿ ಎಲಿ-ಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹಾಕಿಕೊಂಡು ಕರಾರು ಹೇಳಿದಳು. "ಮಳಿಗಾಲ ಮುಗೀಲಿ. ನಿನ್ನ ತಗ್ಗು ನನ್ನ ಬಾವಿಗಿ ನೀರು ಕೊಟ್ರ ಬೋರ್ ಬಿಡ್ತೀನಿ. ಕೊಡಲಿಲ್ಲಂದ್ರ ದೀಪಾವಳಿ ಪಾಡ್ಯಾಕ್ಕ ಬೋರಿನ ಗಾಡಿ ನನ್ನ ಹೊಲದಾಗ ನಿಂತಿರ್ತದ. ಆಗ ನೀ ನಿನ್ನ ಕಾಯ್ದೆ ಹಾಸ್ಕೊಂಡು ಅದರ ಮುಂದ ಮಲಕೋ."

೧. ಸತರಾ

ಕರಾರಾದ ಮೇಲೆ ಮೊದಲ ಅಳತೆ ಬೇಕಲ್ಲ. ಆಗಿನ ನಮ್ಮ ಸಾಹೇಬರು ನಿವೃತ್ತಿಗೆ ಬಂದವರು, ಬಿಸಿಲು ತಡೆಯದವರು. ಅವರನ್ನು ಆಯಿಯ ಪಡಸಾಲೆಯಲ್ಲಿ ಕೂಡಿಸಿ ನಾನು ಟೇಪು ತೆಗೆದುಕೊಂಡು ಬಾವಿಗೆ ಹೋದೆ. ಸುಮ್ಮನೆ ಕೂಡುವುದೇಕೆಂದು ಸಾಹೇಬರು ಫಾರ್ಮು ತೆಗೆದು ಮರಾಠಿಯಲ್ಲಿ ಕೇಳಿದರು: "ಆಜೀ, ತುಮಚೀ ಪಾತಳೀ ಕಿತೀ?" ಪಾತಳಿ ಅಂದರೆ ನೀರಿನ ಮಟ್ಟ.

ಆಯಿ ಒಳಗೆ ಹೋಗಿ ಟ್ರಂಕು ತೆರೆದು ಮುಚ್ಚಿ, ಹೊರಗೆ ಬಂದು ತನಗೆ ಬರುವಷ್ಟು ಮರಾಠಿಯಲ್ಲಿ, "ಸತರಾ" ಅಂದಳಂತೆ. ಹದಿನೇಳು. ಆಮೇಲೆ ನೆನಪು ಮಾಡಿಕೊಂಡು, "ದೋನ ಲೇಕೀಕಡ" ಅಂತ ಸೇರಿಸಿದಳಂತೆ. ಎರಡು ಮಗಳ ಕಡೆ.

ನಾನು ಬಂದು ಫಾರ್ಮು ನೋಡಿ ಗಾಬರಿಯಾದೆ. ಬಾವಿಯ ಆಳವೇ ಹನ್ನೊಂದು ಮೀಟರು. ತಳದಲ್ಲಿ ಮೊಳಕಾಲು ಮುಳುಗುವಷ್ಟೂ ನೀರಿರಲಿಲ್ಲ. ಸಾಹೇಬರ ಫಾರ್ಮಿನಲ್ಲಿ ನೀರು ಬಾವಿಯ ತಳಕ್ಕಿಂತ ಆರು ಮೀಟರು ಕೆಳಗೆ!

"ಆಯಿ, ಸಾಹೇಬ್ರಿಗಿ ಏನ್ ಹೇಳಿದ್ರಿ?"

"ಮತ್ತೇನಪಾ, ಪಾತಳ ಎಷ್ಟಾವಂತ ಕೇಳ್ದ. ದೊಡ್ಡ ಮನಷ್ಯಾ, ಒಂದು ಸೀರಿ ಕೊಡಸ್ತಾನೋ ಏನೋ ಅಂತ ಎಣಿಸಿ ಹೇಳ್ದೆ."

ನಮ್ಮ ಕಡೆ ಹಳೇ ಹೆಂಗಸರು ಸೀರೆಗೆ ಪಾತಳ ಅನ್ನುತ್ತಾರೆ. ಸಾಹೇಬರಿಗೆ ನಾನಿದನ್ನು ತಿಳಿಸಿ ಹೇಳಿ ಅಂಕಿಯನ್ನೇನೋ ತಿದ್ದಿಸಿದೆ. ಆದರೆ ಷರಾದ ಕಾಲಮು ನೋಡುವುದು ಮರೆತೆ. ಆ ಫಾರ್ಮು ಹಾಗೆಯೇ ಜಿಲ್ಲೆಗೆ ಹೋಯಿತು: "ಎರಡು ಮೀಟರು ನೀರನ್ನು ಮಗಳಿಗೆ ಕೊಡಲಾಗಿದೆ."

೨. ಬೋರ್ ಬಂಡಿ

ಕುಡಿಯುವ ನೀರಿನ ಬಾವಿ ಹತ್ತಿರ ಹೊಸ ಬೋರಿಗೆ ತಡೆ ಇದೆಯೆಂದು ಊರಿಗೆಲ್ಲ ತಿಳಿಸಬೇಕಿತ್ತು. ಪಂಚಾಯ್ತಿಯವರು ಆಟೋರಿಕ್ಷಾಕ್ಕೆ ಧ್ವನಿವರ್ಧಕದ ಭೋಂಗಾ ಕಟ್ಟಿ ಓಣಿ ಓಣಿ ತಿರುಗಿಸಿದರು. ಭೋಂಗಾ ಗರಗರ ಅನ್ನುತ್ತಿತ್ತು. "ನವೀನ ಬೋರ ಬಂದೀ! ನವೀನ ಬೋರ ಬಂದೀ!" ಬಂದೀ ಅಂದರೆ ಮರಾಠಿಯಲ್ಲಿ ನಿಷೇಧ.

ಮಾರನೆಯ ದಿನ ಬೆಳಿಗ್ಗೆ ನೋಟೀಸಿನ ಕಟ್ಟು ಹಿಡಿದು ನಾನು ಊರು ಹೊಕ್ಕರೆ, ಎಸ್‌ಟಿ ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಜನವೋ ಜನ. ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಚೆಂಡುಹೂವಿನ ಹಾರ. ಎದುರಿಗೆ ಆಯಿಯ ಪಕ್ಕದ ಹೊಲದ ಕಾಕಾ, ತಲೆಗೆ ಹೊಸ ಟೊಪ್ಪಿಗೆ ಹಾಕಿಕೊಂಡು. ನನ್ನ ನೌಕರಿಯಲ್ಲಿ ಯಾರೂ ನನಗೆ ಹಾರ ಹಾಕಿದವರಿಲ್ಲ. ಎದೆ ಉಬ್ಬಿತು. ಕಾಯ್ದೆಯ ಮೇಲೆ ಜನರಿಗೆ ಎಷ್ಟು ಭಕ್ತಿ ಅಂದುಕೊಂಡು ಇಳಿದೆ.

ಕಾಕಾ ನನ್ನ ದಾಟಿ ಹಿಂದೆ ಇಣುಕಿದ. "ಬಂಡಿ ಹಿಂದ ಬರಾಕತ್ತದೇನ್ರಿ?"

"ಯಾವ ಬಂಡಿ ಕಾಕಾ?"

"ಅದ, ಸರಕಾರದ್ದು. ನವೀನ ಬೋರ್ ಬಂಡಿ! ನಿನ್ನಿ ಭೋಂಗಾದಾಗ ಕೂಗಿದ್ರಲ್ಲ! ಮೊದಲ ಪಾಳಿ ನಂದು."

ನಾನು ನೋಟೀಸು ಓದಿ ಹೇಳಿದೆ. ಗದ್ದಲ ಎದ್ದಿತು. ಕಾಕಾ ಮಾತ್ರ ಬಗ್ಗಲಿಲ್ಲ. "ಅದೆಲ್ಲ ಖರೇ ಇರಬೇಕು. ಆದ್ರ ನಾ ಕಾಯಿ ಒಡದೀನಿ. ಕಾಯಿ ಒಡದ ಮ್ಯಾಲ ನೆಲ ತೋಡದ ಮನಿಗಿ ಹೋಗಬಾರದು."

ನನಗೆ ಅಷ್ಟೇ ಬೇಕಾಗಿತ್ತು! "ಹಾಗಾದ್ರ ನಡೀರಿ" ಅಂದೆ. ಹಾರ, ಊದಿನಕಡ್ಡಿ, ಜನ ಎಲ್ಲವನ್ನೂ ಆಯಿಯ ಬಾವಿಯ ಕಡೆಗೆ ತಿರುಗಿಸಿದೆ. ಕಾಕಾ ಸಲಿಕೆ ಹಿಡಿದ, ಉಳಿದವರು ಗುದ್ದಲಿ ಹಿಡಿದರು. ಹೊತ್ತು ಏರುವುದರೊಳಗೆ ಊರಿನ ಮೊದಲ ಇಂಗುಗುಂಡಿ ಎದೆಮಟ್ಟ ಆಯಿತು. ಆಯಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

ಕಾಕಾ ಬೆವರು ಒರೆಸಿಕೊಂಡು ಗುಂಡಿಯೊಳಗಿಂದಲೇ ಕೇಳಿದ: "ಸಾಹೇಬ್ರ, ಇದರಾಗ ಎಷ್ಟ ಫೂಟಿಗಿ ನೀರು ಬೀಳ್ತದ್ರಿ?"

"ಇದರಾಗ ನೀರು ಮ್ಯಾಲಿಂದ ಬೀಳ್ತದ ಕಾಕಾ. ಮಳಿ ಬಂದಾಗ."

ಕಾಕಾ ಸಲಿಕೆ ಬಿಸುಟು ಆಕಾಶ ನೋಡಿದ. "ಅದಕ್ಕ ತಗ್ಗ್ಯಾಕ ಬೇಕಿತ್ತೋ? ನಾ ಅಂಗಳದಾಗ ನಿಂತಿದ್ರೂ ಬೀಳ್ತಿತ್ತು!"

೩. ಹಳೇ ನೀರು

ಊರವರನ್ನು ಒಪ್ಪಿಸಿಬಿಡಬಹುದು, ಮನೆಯವರನ್ನು ಒಪ್ಪಿಸುವುದು ಆಗದ ಕೆಲಸ. ಸೊಲ್ಲಾಪುರದಲ್ಲಿ ನಮಗೆ ನಳ ಬರುವುದು ಕೆಲವು ದಿನಕ್ಕೊಮ್ಮೆ. ಬಂದ ದಿನ ನಮ್ಮ ತಾಯಿಗೆ ಹಬ್ಬ. ಪೀಪಾಯಿಯಂಥ ಪಿಂಪು, ಹಂಡೆ, ಬಕೀಟು, ಕಡೆಗೆ ಪೂಜೆಯ ತಂಬಿಗೆಯೂ ತುಂಬುತ್ತದೆ. ಮುಂದಿನ ಸಲ ನಳ ಬಂದಾಗ ಉಳಿದ ನೀರನ್ನು ಮೋರಿಗೆ ಚೆಲ್ಲಿ ಹೊಸ ನೀರು ತುಂಬುತ್ತಾಳೆ.

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅವ್ವಾ, ಯಾಕ ಚೆಲ್ತಿ?"

"ಹಳೇದಾಗ್ಯಾದ."

"ನೀರು ಹಳೇದಾಗಾಂಗಿಲ್ಲವ್ವಾ! ನೆಲದೊಳಗಿನ ನೀರು ಎಷ್ಟೋ ವರ್ಷ ಕೂತಿರ್ತದ, ನಮ್ಮ ಮುತ್ಯಾನ ಮುತ್ಯಾನ ಕಾಲದ್ದೂ ಇರ್ತದ!"

ತಾಯಿ ಬಕೀಟು ಇಳಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಅದಕ್ಕ ಅದನ್ನ ಸರಕಾರದವ್ರು ಅಳದು ಅಳದು ಅಲ್ಲೇ ಬಿಟ್ಟು ಬರ್ತೀರಿ. ಕುಡ್ಯಾಂಗಿಲ್ಲ."

೪. ತಾಳ ಬಂದ್

ಆಷಾಢದಲ್ಲಿ ಊರಿನ ನೀರಿನ ಜಮಾಖರ್ಚಿನ ಸಭೆ ಕರೆದೆವು. ಎಷ್ಟು ಮಳೆ, ಎಷ್ಟು ಬೆಳೆ, ಎಷ್ಟು ಉಳಿಕೆ ಎಂದು ಊರವರೇ ಕೂಡಿ ಲೆಕ್ಕ ಹಾಕುವುದು. ಇದಕ್ಕೆ ಮರಾಠಿಯಲ್ಲಿ ತಾಳೇಬಂದ ಅನ್ನುತ್ತಾರೆ. ಇಂಥ ಸಭೆಗೆ ಬರುವವರು ಸರಪಂಚ, ಸಿಪಾಯಿ ಮತ್ತು ನೆರಳು ಹುಡುಕುವ ಒಂದು ನಾಯಿ. ನಮ್ಮ ಸಾಹೇಬರು ಚಾವಡಿಯ ಕರೀಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: "ಗುರುವಾರೀ ಚಾವಡೀತ ತಾಳೇಬಂದ."

ಚಾವಡಿಯಲ್ಲಿ ಪ್ರತಿ ಗುರುವಾರ ಭಜನೆ ನಡೆಯುತ್ತದೆ. ಅದು ನಮ್ಮ ಸಾಹೇಬರಿಗೆ ಗೊತ್ತಿರಲಿಲ್ಲ. ಹಲಗೆ ಓದಿದವರು ಊರಲ್ಲಿ ಸುದ್ದಿ ಹಬ್ಬಿಸಿದರು: ಗುರುವಾರ ಚಾವಡಿಯಲ್ಲಿ ತಾಳ ಬಂದ್, ಸರಕಾರದ ಹುಕುಂ.

ಸಂಜೆ ಭಜನಿ ಮಂಡಳಿ ಪೂರಾ ತಾಳ, ಹಾರ್ಮೋನಿಯಂ ಪೇಟಿ, ಪಖವಾಜು ಸಮೇತ ಬಂದು ಕೂತಿತು. ಅವರ ಹಿಂದೆ ಹೆಂಗಸರು, ಅವರ ಹಿಂದೆ ಉಳಿದ ಊರು. ಮಂಡಳಿಯ ಮುಖ್ಯಸ್ಥ ಎದ್ದು ನಿಂತ. "ನಮ್ಮ ಮುತ್ಯಾನ ಕಾಲದಿಂದ ಬಾರಿಸಾಕತ್ತೀವಿ. ತಾಳ ಬಾರ್ಸಿದ್ರ ನೀರು ಕಮ್ಮಿ ಆಗ್ತದಂತ ಯಾವ ಕಾಯ್ದೇದಾಗ ಬರದಾರ, ತೋರಸ್ರಿ!" ಅಂದವನೇ ಕೂತು ಜೋರಾಗಿ ಹೊಡೆದ. ಊರಿಗೆ ಊರೇ ಸಾಥ್ ಕೊಟ್ಟಿತು.

ಒಂದು ಭಜನೆ ಮುಗಿಯುವವರೆಗೂ ತಡೆದು, ಎದ್ದು ತಾಳೇಬಂದ ಅಂದರೇನೆಂದು ತಿಳಿಸಿದೆ. ಚಾವಡಿ ನಕ್ಕೂ ನಕ್ಕೂ ಸುಸ್ತಾಯಿತು. ಆದರೆ ಬಂದ ಜನ ಎದ್ದು ಹೋಗಲಿಲ್ಲ! ಕೂತು ಪ್ರಾಮಾಣಿಕವಾಗಿ ನೀರಿನ ಲೆಕ್ಕ ಹಾಕಿದರು, ನಾಲ್ಕು ಗುಂಡಿ ಹೆಚ್ಚು ತೋಡಲು ಒಪ್ಪಿದರು. ಬೋರಿನ ಮಾತು ಬಂದಾಗ ಮಾತ್ರ ಎಲ್ಲರ ಕಣ್ಣು ಆಯಿಯ ಕಡೆ ತಿರುಗಿತು. ಆಯಿ ಬಿಟ್ಟರೆ ನಾವೂ ಬಿಡುತ್ತೇವೆ ಅಂದರು. ಆಯಿ, "ಪಾಡ್ಯಾಕ್ಕ ಹೇಳ್ತೀನಿ" ಅಂದಳು.

ಸಾಹೇಬರು ವರದಿಯಲ್ಲಿ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ: "ಗ್ರಾಮಸ್ಥರು ತಾಳೇಬಂದವನ್ನು ವಾದ್ಯಸಮೇತ ಸ್ವಾಗತಿಸಿದರು."

೫. ವರ ಆಲಂ

ಆ ವರ್ಷ ಮಳೆ ಚೆನ್ನಾಗಿ ಹೊಡೆಯಿತು. ಗುಂಡಿಗಳು ತುಂಬುವುದು, ಇಂಗುವುದು, ಮತ್ತೆ ತುಂಬುವುದು. ದೀಪಾವಳಿಗೆ ಒಂದು ವಾರ ಉಳಿದಿತ್ತು. ಆಯಿ ಬೋರಿನ ಗಾಡಿಯವನಿಗೆ ಆಗಲೇ ಹೇಳಿಟ್ಟಿದ್ದಾಳೆಂದು ಕಾಕಾ ಫೋನ್ ಮಾಡಿದ. ನನಗೆ ಊಟ ಸೇರಲಿಲ್ಲ. ಗುಂಡಿಯ ನೀರು ಆಯಿಯ ಬಾವಿ ಬಿಟ್ಟು ಬೇರೆ ಎಲ್ಲಾದರೂ ಹೋಗಿದ್ದರೆ ಊರಿನ ಬಾವಿಯ ಗತಿ ಏನು?

ಅಷ್ಟರಲ್ಲಿ ಹಳೇ ಸಾಹೇಬರು ನಿವೃತ್ತರಾಗಿದ್ದರು. ಪುಣೆ ಕಡೆಯ ತರುಣ ಸಾಹೇಬರು ಬಂದಿದ್ದರು. ಇನ್ನೂ ಮದುವೆಯಾಗಿರಲಿಲ್ಲ, ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ, ನೀರು ಕಂಡರೆ ನನಗಿಂತ ಹೆಚ್ಚು ಕುಣಿಯುವ ಮನುಷ್ಯ. ಇಬ್ಬರೂ ನೆಟ್ಟಗೆ ಆಯಿಯ ಬಾವಿಗೆ ಹೋದೆವು. ಆಯಿಯ ಮನೆ ಅಲ್ಲಿಂದ ಒಂದು ಕೂಗಿನಷ್ಟು ದೂರ.

ಟೇಪು ಬಿಟ್ಟೆ. ಬೇಸಿಗೆಯಲ್ಲಿ ಹತ್ತು ಮೀಟರು ದಾಟಿದರೂ ಸಿಗದ ನೀರು ಮೂರೂವರೆಗೇ ಟಪ್ ಅಂತು. ನಂಬಿಕೆಯಾಗದೆ ಮತ್ತೆ ಬಿಟ್ಟೆ. ಮತ್ತೆ ಮೂರೂವರೆ! ಸಾಹೇಬರು ಬಗ್ಗಿ ನೋಡಿದವರೇ ಎರಡೂ ಕೈ ಎತ್ತಿ ಮನೆಯ ಕಡೆ ಓಟ ಕಿತ್ತರು: "ಆಜೀ! ವರ ಆಲಂ! ವರ ಆಲಂ!"

ಮರಾಠಿಯಲ್ಲಿ ವರ ಅಂದರೆ ಮೇಲೆ. ನೀರು ಮೇಲೆ ಬಂತು ಅಂತ. ಬೇರೆ ದಿನವಾಗಿದ್ದರೆ ಇಷ್ಟು ಮರಾಠಿ ಆಯಿಗೂ ತಿಳಿಯುತ್ತಿತ್ತು. ಆದರೆ ಅವತ್ತು ಕಾಲೇಜು ಮುಗಿಸಿದ ಮೊಮ್ಮಗಳನ್ನು ನೋಡಲು ಮಂಗಳವೇಢೆಯಿಂದ ಹುಡುಗ ಬರುವವನಿದ್ದ. ಬೆಳಗಿನಿಂದ ಮನೆಯವರೆಲ್ಲ ಬಾಗಿಲಿಗೆ ಕಿವಿ ಇಟ್ಟು ಕೂತಿದ್ದರು. ಕಿವಿಗೆ ಬಿದ್ದದ್ದು ವರ ಎಂಬ ಮಾತೊಂದೇ.

ನಾನು ಅಂಕಿ ಬರೆದುಕೊಂಡು, ಟೇಪು ಸುತ್ತಿಕೊಂಡು ಹೋಗುವ ಹೊತ್ತಿಗೆ ಸಾಹೇಬರು ಕಾಲು ತೊಳೆಸಿಕೊಂಡು ಜಮಖಾನೆಯ ಮೇಲೆ ಕೂತಿದ್ದರು. ಎದುರಿಗೆ ಅವಲಕ್ಕಿ, ಶೇಂಗಾ ಉಂಡಿ, ಹಾಲು. ನೀರು ಏರಿದರೆ ಈ ಊರಿನವರು ಎಷ್ಟು ಸಂಭ್ರಮ ಪಡುತ್ತಾರೆ ನೋಡಿ ಎಂದು ಮರಾಠಿಯಲ್ಲಿ ನನಗೆ ಹೇಳಿ ಕಣ್ಣೊರೆಸಿಕೊಂಡರು.

ಆಯಿ ನನ್ನನ್ನು ಮೂಲೆಗೆ ಎಳೆದಳು. "ಹುಡುಗ ಚಲೋ ಅದಾನ. ಹೊಲ ಎಷ್ಟದಂತ ತಿಳಕೊಳ್ಳಾಕ, ನಿಮ್ಮ ಕ್ಷೇತ್ರ ಎಷ್ಟು ಅಂತ ಮರಾಠಿಯೊಳಗ ಕೇಳ್ದೆ. ಪೂರಾ ತಾಲೂಕ ಅಂತಾನ! ಇಷ್ಟ ದೊಡ್ಡ ಮನಿತನದವ ಒಬ್ಬನ ಯಾಕ ಬಂದಾನ? ನೀ ಏನ್ ಅವಗ ಮಾವ ಆಗ್ತೀಯೇನು?"

ನನಗೆ ಆಗ ತಿಳಿಯಿತು. ನಗು ನುಂಗಿಕೊಂಡು, "ಆಯಿ, ಇವ್ರು ನಮ್ಮ ಹೊಸ ಸಾಹೇಬ್ರು. ವರ ಬಂದಿಲ್ಲ. ನೀರು ಬಂದದ" ಅಂದೆ.

ಅಷ್ಟರಲ್ಲಿ ಮೊಮ್ಮಗಳು ಫೋನ್ ಹಿಡಿದು ಹೊರಗೆ ಬಂದಳು. ಆಕೆಗೆ ಮೊದಲೇ ಎಲ್ಲ ತಿಳಿದಿತ್ತೆಂದು ಮುಖವೇ ಹೇಳುತ್ತಿತ್ತು. ನಕ್ಕೂ ನಕ್ಕೂ ಕೆನ್ನೆ ಕೆಂಪಾಗಿದ್ದವು. "ಆಯಿ, ಮಂಗಳವೇಢೇದವ್ರಿಗಿ ಇವತ್ತ ಬರಾಕ ಆಗಾಂಗಿಲ್ಲಂತ" ಅಂದು ಸಾಹೇಬರನ್ನೊಮ್ಮೆ ನೋಡಿ ಒಳಗೆ ಓಡಿದಳು.

ಆಯಿ ಬಾವಿಯ ಕಡೆ ನಡೆದಳು. ನಾವು ಹಿಂದೆ. ಹಗ್ಗ ಬಿಟ್ಟಳು. ಹಗ್ಗ ಅರ್ಧವೂ ಇಳಿಯಲಿಲ್ಲ, ಕೊಡ ಮುಳುಗಿತು. ಎಳೆದು, ಬೊಗಸೆ ಒಡ್ಡಿ ಕುಡಿದಳು.

"ಬೋರ್ ಬಿಟ್ಟೀನಿ ನಡಿ" ಅಂದಳು ಆಯಿ. "ಗಾಡಿಯವಗ ಬ್ಯಾಡಂತ ಹೇಳು."

ಊರಿನ ಬಾವಿ ಉಳಿಯಿತು! ನನಗೆ ಕಣ್ಣು ತುಂಬಿ ಬಂದವು, ಕುಣಿಯುವುದೊಂದು ಬಾಕಿ. ಆಯಿ ಸೆರಗಿಗೆ ಬಾಯಿ ಒರೆಸಿಕೊಂಡು ಸಾಹೇಬರ ಕಡೆ ತಿರುಗಿದಳು. "ಆದ್ರ ಈ ಹುಡುಗನ್ನ ಬಿಡಾಂಗಿಲ್ಲ."

ಸಾಹೇಬರು ನನ್ನ ತೋಳು ಹಿಡಿದು, ಆಜಿ ಏನನ್ನುತ್ತಾರೆ ಎಂದು ಕೇಳಿದರು. ನಾನು ಮೊದಲನೆಯ ಮಾತನ್ನಷ್ಟೇ ಮರಾಠಿಗೆ ತಿರುಗಿಸಿದೆ. ಅವರಿಗೆ ಎಷ್ಟು ಆನಂದವಾಯಿತೆಂದರೆ, ಬಗ್ಗಿ ಆಯಿಯ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದರು.

ಆಯಿ ಅವರ ತಲೆಯ ಮೇಲೆ ಕೈಯಿಟ್ಟು ಮನೆಯ ಕಡೆ ತಿರುಗಿ ಕೂಗಿದಳು: "ಏ, ಸಕ್ಕರಿ ತರ್ರೇ! ಹುಡುಗ ಒಪ್ಪ್ಯಾನ!"