ಡಿಫರೆನ್ಷಿಯಲ್ಲಿನ ಮೇಲಿನ ಬೋಲ್ಟ್ ಅವರಿಗೊಂದು ಬಿನ್ನಹ

ಪಿಕಪ್ ಗಾಡಿಯ ಹಿಂಬದಿ ಡಿಫರೆನ್ಷಿಯಲ್ಲಿನಲ್ಲಿ, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರು ಡಬ್ಬಿಯಲ್ಲಿ, ಹನ್ನೊಂದು ವರ್ಷಗಳಿಂದ ಅಲುಗದೆ ವಿರಾಜಮಾನರಾಗಿರುವ ಮಾನ್ಯ ಮೇಲಿನ ಬೋಲ್ಟ್ ಅವರೇ,

ತಮ್ಮ ಕೆಳಗೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಮೂಗಿನಿಂದ ಗೇಣು ದೂರದಲ್ಲಿ ಬೆಳಿಗ್ಗೆ ಆರರಿಂದ ತಮ್ಮ ಮುಖದರ್ಶನ ಪಡೆಯುತ್ತಿರುವ ನಾಗರಿಕನ ವಂದನೆಗಳು. ಎಣ್ಣೆ ತುಂಬುವ ತೂತಿಗೆ ಮುಚ್ಚಳವಾಗಿ ತಾವು ತೋರುತ್ತಿರುವ ನಿಷ್ಠೆಯನ್ನು ಹೇಗೆ ಕೊಂಡಾಡಲಿ?

ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆಯಲ್ಲಿ, ಇರುವ ತಮ್ಮ ಸೋದರರಿಬ್ಬರು ಸ್ಪ್ಯಾನರ್ ತಾಗಿದೊಡನೆ ಸಡಿಲಾದರು. ಅಲ್ಲಿ ಹಳೆಯ ಎಣ್ಣೆ ಇಳಿದು ಹೊಸದು ತುಂಬಿದ್ದಾಯಿತು. ಆ ಗೆಲುವಿನ ಅಮಲಿನಲ್ಲಿ ನಾನು ತಮ್ಮ ಕೆಳಗಿನ ಬೋಲ್ಟನ್ನೂ ಬಿಚ್ಚಿ, ಡಿಫರೆನ್ಷಿಯಲ್ಲಿನ ಎಣ್ಣೆಯನ್ನೆಲ್ಲ ಬೋಗುಣಿಗೆ ಬಸಿದೆ. ಮೊದಲು ಮೇಲಿನದು ಬಿಚ್ಚುತ್ತದೆಯೇ ನೋಡಿ, ಆಮೇಲೆ ಕೆಳಗಿನದಕ್ಕೆ ಕೈಹಾಕಿ ಎಂಬ ಸೂಚನೆ ಕೈಪಿಡಿಯ ಮುಂದಿನ ಪುಟದಲ್ಲಿತ್ತು. ಔಷಧದ ಡಬ್ಬಿಯ ಸಣ್ಣಕ್ಷರಗಳನ್ನೂ ಬಿಡದೆ ಓದುವ ನಾನು ಆ ಪುಟ ತಿರುವಿದ್ದು ಕೊನೆಯ ತೊಟ್ಟು ಬಿದ್ದ ಮೇಲೆ.

ಎಣ್ಣೆಯಿಲ್ಲದೆ ಓಡಿಸಿದರೆ ಗೇರುಗಳು ಸವೆದು ಪುಡಿಯಾಗುತ್ತವೆ. ತಾವು ಜಾಗ ಬಿಡದೆ ಎಣ್ಣೆ ಒಳಗೆ ಹೋಗದು. ಹತ್ತು ಗಂಟೆಗೆ ಈ ಗಾಡಿಯಲ್ಲೇ ನನ್ನ ಅಕ್ಕನ ನಾಲ್ಕು ಹೊಲಿಗೆ ಯಂತ್ರಗಳು ಹೋಗಬೇಕು. ಮೂವತ್ತು ವರ್ಷ ಕಂಡವರ ಅಂಗಡಿಯಲ್ಲಿ ಹೊಲಿದವಳು ಇಂದು ತನ್ನದೇ ಅಂಗಡಿಯ ಬಾಗಿಲು ತೆರೆಯುತ್ತಾಳೆ. ಬಾಡಿಗೆ ಗಾಡಿ ಹೇಳಿಬಿಡುತ್ತೇನೆ ಎಂದವಳಿಗೆ "ನಾನಿಲ್ವೇನೇ ಅಕ್ಕಾ?" ಎಂದವನು ನಾನು, ದಾರಿಯಲ್ಲಿ ಕೈಕೊಡಬಾರದೆಂದು ಇಂದೇ ಎಣ್ಣೆ ಬದಲಿಸಲು ಹೊರಟವನೂ ನಾನೇ.

ತಪ್ಪು ತಮ್ಮೊಬ್ಬರದೇ ಅಲ್ಲ. ಹನ್ನೊಂದು ವರ್ಷಗಳ ಹಿಂದೆ ಸ್ಪ್ಯಾನರನ್ನು ಕಾಲಿನಿಂದ ಒದ್ದು ತಮ್ಮನ್ನು ಬಿಗಿದ ಮೆಕ್ಯಾನಿಕ್, "ಸಾರ್, ಇನ್ನು ಜನ್ಮದಲ್ಲಿ ಲೀಕ್ ಆಗಲ್ಲ ಬಿಡಿ" ಎಂದಿದ್ದರು. ನನಗೆ ಈವರೆಗೆ ಸಿಕ್ಕ ಭರವಸೆಗಳಲ್ಲಿ ಪೂರ್ತಿಯಾಗಿ ಈಡೇರಿದ್ದು ಅದೊಂದೇ.

ಆದ್ದರಿಂದ ತಾವು ಎಡಕ್ಕೆ ಒಂದೇ ಒಂದು ಸುತ್ತು ತಿರುಗುವ ಕೃಪೆ ಮಾಡಬೇಕು. ಅದು ಘನತೆಗೆ ಕುಂದೆನಿಸಿದರೆ, ತಾವು ಕುಳಿತಲ್ಲೇ ಕುಳಿತು, ಇಡೀ ಗಾಡಿಯೇ ತಮ್ಮ ಸುತ್ತ ತಿರುಗುವಂತೆ ಅಪ್ಪಣೆ ಕೊಡಿಸಬೇಕು.

ಅಕ್ಷರಶಃ ತಮ್ಮ ಅಡಿಯಲ್ಲಿರುವ,
ತಮ್ಮ ವಿಶ್ವಾಸಿ,
ಮಸಿ ಮೂತಿಯ ಓದುಗ

ತಾ.ಕ.: ಒಂಬತ್ತೂವರೆಗೆ ಅಕ್ಕನೇ ಹುಡುಕಿಕೊಂಡು ಬಂದಳು. "ಹಾಗೆ ಜಗ್ಗಬೇಡ್ವೋ, ತುಕ್ಕು ಹಿಡಿದ ಸ್ಕ್ರೂನ ಮೊದಲು ಒಂಚೂರು ಬಿಗಿ ಮಾಡ್ಬೇಕು, ಆಮೇಲೆ ಬಿಚ್ಬೇಕು. ಸರಿ ಆಚೆ" ಎಂದು ಗೋಣಿಚೀಲದ ಮೇಲೆ ತಾನೇ ಮಲಗಿ, ತಮ್ಮ ತಲೆಗೆ ಸುತ್ತಿಗೆಯಿಂದ ಮೂರು ಪೆಟ್ಟು ಕೊಟ್ಟು, ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಎಡಕ್ಕೆ ಎಳೆದಳು. ತಾವು ಕಿರುಚಿದ್ದು ಬೀದಿಗೆಲ್ಲ ಕೇಳಿತು. ತಮ್ಮ ಸ್ಥಾನಕ್ಕೆ ಈಗ ಹೊಸಬರು ಬಂದಿದ್ದಾರೆ. ತಮ್ಮನ್ನು ಅಕ್ಕ ತನ್ನ ಅಂಗಡಿಯ ಮೇಜಿನ ಮೇಲೆ, ಅಳತೆ ಚೀಟಿಗಳು ಹಾರದಂತೆ ಇರಿಸಿಕೊಂಡಿದ್ದಾಳೆ. ಅಲ್ಲಿ ಅಲುಗದೆ ಕೂರುವುದಷ್ಟೇ ಕೆಲಸ.