ಚೆನ್ನಾಗಿದೆ ಎನ್ನಬಾರದ ಮಗು

ಮಧ್ಯಾಹ್ನದ ನಿದ್ದೆಯ ಬಗ್ಗೆ ನನಗೆ ಅಪಾರವಾದ ಗೌರವವಿದೆ. ರಾತ್ರಿಯ ನಿದ್ದೆ ಕರ್ತವ್ಯ. ಮಧ್ಯಾಹ್ನದ ನಿದ್ದೆ ಕೃಪೆ. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದಷ್ಟು ಕಾಲವೂ ಊಟದ ನಂತರದ ಅವಧಿ ನನ್ನ ಪಾಲಿಗೇ ಬರುತ್ತಿತ್ತು. ನಾನು ಕರಿಹಲಗೆಯ ಮೇಲೆ ಸಮಾಸಗಳನ್ನು ಬಿಡಿಸುತ್ತಿದ್ದಂತೆ, ನನ್ನ ಬೆನ್ನ ಹಿಂದೆ ಇಡೀ ತರಗತಿಯ ಕಣ್ಣುಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತಿದ್ದವು. ಡಸ್ಟರಿನಿಂದ ಮೇಜು ಕುಟ್ಟಿ ಎಲ್ಲರನ್ನೂ ಎಬ್ಬಿಸುತ್ತಿದ್ದೆನಾದರೂ ಒಳಗೊಳಗೆ ಅವರ ಮೇಲೆ ನನಗೆ ಹೊಟ್ಟೆಕಿಚ್ಚು. ಸ್ವಯಂನಿವೃತ್ತಿ ಪಡೆದು ಹುಣಸೂರಿನ ಮನೆಯಲ್ಲಿ ಕುಳಿತ ಮೇಲೆ ಆ ಬಾಕಿಯನ್ನೆಲ್ಲ ಕ್ರಮಬದ್ಧವಾಗಿ ತೀರಿಸಿಕೊಳ್ಳುತ್ತಿದ್ದೇನೆ. ಆದ್ದರಿಂದ ನನ್ನ ಅಕ್ಕನ ಮಗಳು ಸುಚಿತ್ರಾ ಒಂದು ದಿನ ಊಟಕ್ಕೆ ಕುಳಿತು, "ಮಾವ, ನಾನು ನಿದ್ದೆಯ ಮೇಲೆ ಸಂಶೋಧನೆ ಮಾಡ್ತೀನಿ" ಎಂದಾಗ, ನಮ್ಮ ವಂಶದಲ್ಲಿ ಕಡೆಗೂ ಒಬ್ಬಳು ಸರಿಯಾದ ವಿಷಯವನ್ನು ಹಿಡಿದಳೆಂದು ಹಿಗ್ಗಿದೆ.

ಸುಚಿತ್ರಾ ಮಕ್ಕಳ ಡಾಕ್ಟರು. ಓದು ಮುಗಿಸಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಮೈಸೂರಿನಲ್ಲಿ ಗುತ್ತಿಗೆಯ ಕೆಲಸ, ನಮ್ಮ ಮಹಡಿಯ ಕೋಣೆಯಲ್ಲಿ ವಾಸ. ನಮಗೆ ಮಕ್ಕಳಿಲ್ಲದ್ದರಿಂದ ಮಹಡಿಯ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದರೇ ನನ್ನ ಹೆಂಡತಿ ಸರೋಜಳಿಗೆ ಮನೆ ತುಂಬಿದಂತೆ. ಸುಚಿತ್ರಾಳ ಸಂಶೋಧನೆಯ ಪ್ರಶ್ನೆ ನಮ್ಮ ಸೀಮೆಯದೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಸೊಪ್ಪು ಹದಮಾಡುವ ಬ್ಯಾರನ್‌ ಮನೆಗಳ ಒಲೆ ಹಗಲೂ ಇರುಳೂ ಆರುವುದಿಲ್ಲ. ತಾಯಂದಿರು ಸೊಪ್ಪು ಪೋಣಿಸುತ್ತ ಕುಳಿತರೆ ಕೂಸುಗಳು ಪಕ್ಕದ ಸೀರೆಯ ಜೋಲಿಯಲ್ಲಿರುತ್ತವೆ. ಆ ಗದ್ದಲದಲ್ಲಿ, ಆ ಘಾಟಿನಲ್ಲಿ ಅವು ಹೇಗೆ ನಿದ್ರಿಸುತ್ತವೆ? ನಿದ್ದೆ ಕೆಟ್ಟರೆ ಬೆಳವಣಿಗೆಗೆ ಏನಾಗುತ್ತದೆ? ಇದನ್ನು ತಿಳಿಯಲು ದೊಡ್ಡ ಅಧ್ಯಯನವೇ ಬೇಕು. ಆದರೆ ದೊಡ್ಡ ಹಣವನ್ನು ಹೊಸಬರಿಗೆ ಯಾರೂ ಕೊಡುವುದಿಲ್ಲ. ಹೊಸಬರಿಗೆಂದೇ 'ಪೈಲಟ್ ಗ್ರಾಂಟ್' ಎಂಬುದೊಂದಿದೆ. ಅದರಲ್ಲಿ ಕೆಲವೇ ಮನೆಗಳಲ್ಲಿ ಮಾಡಿ ನೋಡಿ, ಇದು ಸಾಗುವ ಕೆಲಸವೆಂದು ತೋರಿಸಬೇಕು. ನಾನು ಅದಕ್ಕೆ 'ಪ್ರಾಯೋಗಿಕ ಪೂರ್ವಾಧ್ಯಯನ ಅನುದಾನ' ಎಂಬ ಪದವನ್ನು ಸಿದ್ಧಪಡಿಸಿಕೊಟ್ಟೆ. ಸರೋಜ, "ಮೊದಲನೇ ದೋಸೆ ಅನ್ನಿ, ಸಾಕು" ಎಂದಳು. ಮನೆಯಲ್ಲಿ ಉಳಿದದ್ದು ಅವಳ ಪದವೇ.

ಮೊದಲನೇ ದೋಸೆ ಏಳದಿದ್ದರೆ ಮುಂದೇನೆಂಬುದು ನಮಗೆಲ್ಲ ಗೊತ್ತಿತ್ತು. ಗುತ್ತಿಗೆ ಮುಗಿಯುವುದರಲ್ಲಿತ್ತು. ದಾವಣಗೆರೆಯ ನರ್ಸಿಂಗ್ ಹೋಮೊಂದು ಒಳ್ಳೆಯ ಸಂಬಳಕ್ಕೆ ಕರೆದಿತ್ತು. ಅಲ್ಲಿಗೆ ಹೋದರೆ ಕೆಮ್ಮು ನೆಗಡಿಗಳಿಗೆ ಔಷಧಿ ಬರೆಯುವುದರಲ್ಲೇ ದಿನ ಸರಿದುಹೋಗುತ್ತದೆ. ಜೋಲಿಯ ಪ್ರಶ್ನೆ ಜೋಲಿಯಲ್ಲೇ ಉಳಿಯುತ್ತದೆ. "ಹೋದರೆ ಮತ್ತೆ ಈ ಕಡೆ ಬರಲ್ಲ ಮಾವ, ನಂಗೆ ಗೊತ್ತು" ಎಂದು ಅವಳು ಅನ್ನದ ತಟ್ಟೆಯನ್ನು ನೋಡಿಕೊಂಡು ಹೇಳಿದ್ದಳು.

ಅರ್ಜಿ ಹಾಕುವ ಮೊದಲು ಅವಳು ಹನಗೋಡಿನ ಕಡೆ ಕೆಲವು ಮನೆಗಳಿಗೆ ಹೋಗಿ ಬರುತ್ತಿದ್ದಳು. ಜೊತೆಗೆ ನಾನು. ಬಸ್ಸಿನ ಕಿಟಕಿಯಾಚೆ ಲಕ್ಷ್ಮಣತೀರ್ಥದ ನೀರು ಹೊಳೆದು ಮರೆಯಾಗುತ್ತಿತ್ತು. ಬಿಸಿಲಿನಲ್ಲಿ ಹೊಗೆಸೊಪ್ಪಿನ ಸಿಹಿಯಾದ, ತೂಕಡಿಕೆ ತರಿಸುವ ವಾಸನೆ. ಮಂಜುಳ ಎಂಬ ಹೆಂಗಸಿನ ಮನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿ, "ಮಾವ, ಕೂಸು ಎಚ್ಚರವಾದರೆ ಹೊತ್ತು ನೋಡ್ಕೊಳ್ಳಿ" ಎಂದು ಹೇಳಿ ಸುಚಿತ್ರಾ ಪಕ್ಕದ ಮನೆಗೆ ಹೋದಳು. ಜೋಲಿ ಮೆಲ್ಲಗೆ ಈ ಕಡೆ ಬಂತು, ಆ ಕಡೆ ಹೋಯಿತು. ಒಳಗಿನಿಂದ ಒಂದು ಪುಟ್ಟ ಪಾದ ಹೊರಗಿಣುಕಿತ್ತು. ಮಂಜುಳ ಸೊಪ್ಪು ಪೋಣಿಸುತ್ತ ಪದವಿಲ್ಲದ ರಾಗವೊಂದನ್ನು ಗುನುಗುತ್ತಿದ್ದಳು. ಜೋಲಿ ಬಂತು, ಹೋಯಿತು. ಜಗಲಿಯೂ ಅದರೊಡನೆ ಹೊರಟಿತು. ನಾನೊಂದು ದೋಣಿಯಲ್ಲಿದ್ದೆ, ನದಿಯ ತುಂಬ ತರಗತಿಯ ಬೆಂಚುಗಳು ತೇಲುತ್ತಿದ್ದವು, ಯಾರನ್ನೂ ಎಬ್ಬಿಸಬೇಕಾದ ಜವಾಬ್ದಾರಿ ನನಗಿರಲಿಲ್ಲ. ಕಣ್ಣು ಬಿಟ್ಟಾಗ ನನ್ನ ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಕೂಸು ಯಾವಾಗಲೋ ಎದ್ದು, ಹಾಲು ಕುಡಿದು, ತಾಯಿಯ ತೊಡೆಯ ಮೇಲೆ ಕುಳಿತು ನನ್ನ ನಿದ್ದೆಯನ್ನು ಅಧ್ಯಯನ ಮಾಡುತ್ತಿತ್ತು.

ನಮ್ಮನ್ನು ನಿಜವಾಗಿ ಕಾಡಿದ್ದು ಬೇರೆ ಸಂಗತಿ. ಮಗು ಚೆನ್ನಾಗಿ ಮಲಗುತ್ತದೆಯೇ ಎಂದು ಕೇಳಿದರೆ ಒಬ್ಬ ತಾಯಿಯೂ ಹೌದೆನ್ನುತ್ತಿರಲಿಲ್ಲ. ಜೋಲಿಯೊಳಗೆ ಕೂಸು ಗೊರಕೆ ಹೊಡೆಯುತ್ತಿದ್ದರೂ, "ಎಲ್ಲಿ ಮಲಗ್ತದೆ ಬುಡಿ ಡಾಕ್ಟ್ರಮ್ಮ, ಕಣ್ಣಿಗ್ ಕಣ್ ಅತ್ತಾಕಿಲ್ಲ" ಎನ್ನುವರು. ಕೆನ್ನೆ ಬನ್ನಿನಂತಿದ್ದರೂ, "ಒಣಗೋಯ್ತಾದೆ ಕಣ್ರವ್ವ" ಎನ್ನುವರು. ಮಗು ಚೆನ್ನಾಗಿದೆ ಎಂದು ಬಾಯಿ ಬಿಟ್ಟರೆ ದೃಷ್ಟಿ ತಾಗುತ್ತದೆ. ಹಾಗೆಂದ ಮೇಲೆ ಯಾವ ತಾಯಿ ತಾನೇ ಬಾಯಿ ಬಿಟ್ಟಾಳು? ಹೇಳಿಕೆಗೂ ವಸ್ತುಸ್ಥಿತಿಗೂ ಇಷ್ಟು ಅಂತರವಿರುವುದನ್ನು ನನ್ನಂಥ ಶಿಸ್ತಿನ ಮನುಷ್ಯ ಸಹಿಸುವುದು ಕಷ್ಟ. ದಾರಿಯುದ್ದಕ್ಕೂ ಸುಚಿತ್ರಾಳಿಗೆ ಉಪನ್ಯಾಸ ಕೊಟ್ಟೆ: "ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಕೊಡಲು ಈ ಜನಕ್ಕೆ ಏನು ಕಷ್ಟ?"

ಅರ್ಜಿ ಕೊನೆಯ ಸುತ್ತಿಗೆ ಬಂದಿತು. ಹಣ ಕೊಡುವ ಸಂಸ್ಥೆಯವರು ಹಿರಿಯ ವೈದ್ಯೆಯೊಬ್ಬರನ್ನು ಸ್ಥಳ ನೋಡಿ ಬರಲು ಕಳಿಸಿದರು. ಪುಣೆಯಲ್ಲಿ ಬೆಳೆದವರು, ಕೆಲಸಕ್ಕಾಗಿ ಬೆಂಗಳೂರಿಗೆ ಬಂದು ಕನ್ನಡ ಕಲಿತವರು; ಕಲಿತ ಭಾಷೆಯಾದ್ದರಿಂದ ಪ್ರತಿ ಮಾತನ್ನೂ ತೂಗಿ ಆಡುತ್ತಿದ್ದರು, ತೂಗಿ ಕೇಳುತ್ತಿದ್ದರು. ನನಗೆ ಬಹಳ ಹಿಡಿಸಿದರು. ನಮ್ಮ ಮನೆಯಲ್ಲೇ ಊಟ. ಸರೋಜ ಮಜ್ಜಿಗೆ ತರಲು ಒಳಗೆ ಹೋದಾಗ ಅವರು ನನ್ನತ್ತ ತಿರುಗಿ ಕೇಳಿದರು: "ಸುಚಿತ್ರಾ ನಿಮ್ಮ ಮನೆಯಲ್ಲೇ ಇದ್ದಾರೆ. ನೀವು ಹೇಳಿ, ಅವರ ಕೆಲಸ ಹೇಗಿದೆ? ಹಿಡಿದ ಕೆಲಸವನ್ನು ಮುಗಿಸುತ್ತಾರಾ?"

ಓದುಗ ಮಹಾಶಯರೇ, ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಅವಳಷ್ಟು ಶ್ರದ್ಧೆಯವಳನ್ನು ನಾನು ಕಂಡೇ ಇಲ್ಲ. ಜ್ವರದಲ್ಲೂ ಬಸ್ಸು ಹತ್ತಿದವಳು. ಕಾಡಂಚಿನ ಹಾಡಿಗಳ ತಾಯಂದಿರು ಎಚ್.ಡಿ. ಕೋಟೆಯಿಂದ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಕರ್ತೃ, ಕರ್ಮ, ಕ್ರಿಯಾಪದಗಳೆಲ್ಲ ಸಾಲಾಗಿ ನಿಂತಿದ್ದವು. ಆದರೆ ಎಲ್ಲ ಕೈಗೂಡುವ ಹೊತ್ತಿನಲ್ಲಿ, ಹೊರಗಿನವರ ಎದುರಿಗೆ, ನಮ್ಮ ಹುಡುಗಿಯನ್ನು ಬಾಯ್ತುಂಬ ಹೊಗಳುವುದೆ? ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

"ಏನು ಮುಗಿಸ್ತಾಳೆ ಮೇಡಂ. ತಾಳ್ಮೆ ಅನ್ನೋದೇ ಇಲ್ಲ. ಸುಮ್ಮನೆ ಅಲೀತಾಳೆ, ಅಷ್ಟೆ."

ಮೇಡಂ ಅವರ ಕೈಯ ತುತ್ತು ಅರ್ಧದಲ್ಲೇ ನಿಂತಿತು. "ಹೌದಾ?" ಎಂದು ಗಂಭೀರವಾಗಿ ಕೇಳಿದರು. ಮಜ್ಜಿಗೆಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸರೋಜಳ ಮುಖವನ್ನು ನಾನು ವರ್ಣಿಸುವುದಿಲ್ಲ. ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಸುಚಿತ್ರಾ ಕಲೆಸಿದ ಅನ್ನವನ್ನೇ ಮತ್ತೆ ಕಲೆಸತೊಡಗಿದಳು. ತಿದ್ದಲು ನಾನು "ಅಂದರೆ, ಅದು ಹಾಗಲ್ಲ" ಎಂದು ಆರಂಭಿಸಿದೆ. ವಾಕ್ಯ ಮುಗಿಯುವ ಮೊದಲೇ ನಮ್ಮನ್ನು ಹಳ್ಳಿಗೆ ಕರೆದೊಯ್ಯುವ ಜೀಪು ಬಂದು ನಿಂತಿತು.

ಹನಗೋಡಿನ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕುಳಿತ ನನಗೆ ದಾವಣಗೆರೆಯ ನರ್ಸಿಂಗ್ ಹೋಮಿನ ಬೋರ್ಡು ಕಣ್ಣೆದುರು ತೇಲುತ್ತಿತ್ತು, ಮಹಡಿಯ ಖಾಲಿ ಕೋಣೆ ತೇಲುತ್ತಿತ್ತು. ಮಂಜುಳಳ ಮನೆಯಲ್ಲಿ ಎಂದಿನಂತೆ ಜೋಲಿ, ಎಂದಿನಂತೆ ಸೊಪ್ಪು. ಕೂಸು ಕೆನ್ನೆಗೆ ಕಪ್ಪು ಬೊಟ್ಟಿಟ್ಟುಕೊಂಡು ಬಾಯಿ ತೆರೆದು ಮಲಗಿತ್ತು. ಮೇಡಂ ಬಗ್ಗಿ ನೋಡಿದರು. "ಮಗು ಚೆನ್ನಾಗಿ ನಿದ್ದೆ ಮಾಡುತ್ತದಾ?"

"ಅಯ್ಯೋ, ಎಲ್ ಮಾಡ್ತದೆ ಅಮ್ಮೋರೆ. ಒಂದ್ ಗಳಿಗೆ ಕಣ್ ಮುಚ್ಚಾಕಿಲ್ಲ."

ಮೇಡಂ ಮಗುವನ್ನು ನೋಡಿದರು, ಮಂಜುಳಳನ್ನು ನೋಡಿದರು. "ಆದರೆ ಈಗ ಮಲಗಿದೆಯಲ್ಲ? ಎಷ್ಟು ದುಂಡಗೆ, ಮುದ್ದಾಗಿ..." ಮಂಜುಳ ಗಾಬರಿಯಾಗಿ ಸೊಪ್ಪು ಕೆಳಗಿಟ್ಟು, ಕೂಸಿನ ಮುಖಕ್ಕೆ ಎರಡೂ ಕೈ ನೀವಳಿಸಿ ನೆಟಿಕೆ ಮುರಿದಳು. ಮೇಡಂ ಆ ಕೈಗಳನ್ನೇ ನೋಡಿದರು. ಆಮೇಲೆ ನಿಧಾನವಾಗಿ, "ಈ ಡಾಕ್ಟರು ಹೇಗೆ? ಚೆನ್ನಾಗಿ ನೋಡುತ್ತಾರಾ?" ಎಂದು ಸುಚಿತ್ರಾಳ ಕಡೆ ಬೆರಳು ತೋರಿದರು.

"ಇವ್ಳಾ? ಏನ್ ಯೋಳಾದು ಬುಡಿ. ಒತ್ತೊತ್ಗೆ ಉಣ್ಣಾಕಿಲ್ಲ, ತಿನ್ನಾಕಿಲ್ಲ. ಕಡ್ಡಿ ಆದಂಗ್ ಆಗವ್ಳೆ. ಆ ಬ್ಯಾಗ್ ಒತ್ಕೊಂಡು ಬಿಸ್ಲಲ್ಲಿ ತಿರುಗ್ತಳೆ. ಇವ್ಳ ಕೈಲಿ ಏನಾದದು!" ಎಂದ ಮಂಜುಳ, ಯಾರಾದರೂ ತಡೆಯುವ ಮೊದಲೇ ಸುಚಿತ್ರಾಳ ಕೆನ್ನೆಗೂ ಕೈ ನೀವಳಿಸಿ ಲಟಲಟನೆ ನೆಟಿಕೆ ಮುರಿದಳು.

ಮೇಡಂ ನೆಟ್ಟಗೆ ನಿಂತು ನನ್ನತ್ತ ನೋಡಿದರು. "ಮೇಷ್ಟ್ರೇ, ಊಟದ ಹೊತ್ತಿನಲ್ಲಿ ನೀವು ಹೇಳಿದ್ದೂ ಇದೇ ಜಾತಿಯ ಮಾತಾ?"

ಹೌದೆಂದು ನಾನು ತಲೆಯಾಡಿಸಿದೆ. ಅವರಿಗೆ ಪರೀಕ್ಷೆಯನ್ನು ಪೂರ್ಣಗೊಳಿಸುವ ಉಮೇದು ಬಂತು. "ಹಾಗಾದರೆ ಈ ಮೇಷ್ಟ್ರು ಹೇಗಮ್ಮ?" ಎಂದು ಮಂಜುಳಳನ್ನು ಕೇಳಿದರು.

"ಮೇಷ್ಟ್ರಾ? ಬೋ ಒಳ್ಳೇರು," ಎಂದಳು ಮಂಜುಳ, ಒಂದು ಕ್ಷಣವೂ ಯೋಚಿಸದೆ. "ಗಟ್ಟಿಮುಟ್ಟಾಗವ್ರೆ. ನಿದ್ದೆ ಅಂತೂ ಕೇಳ್ಬ್ಯಾಡಿ, ಕುಂತ್ ಕಡೇನೆ ಬತ್ತದೆ."

ನನ್ನ ಯೋಗಕ್ಷೇಮದ ಬಗ್ಗೆ ಆ ಮನೆಯಲ್ಲಿ ಯಾರಿಗೂ ಎಳ್ಳಷ್ಟೂ ಆತಂಕವಿರಲಿಲ್ಲ. ಮೇಡಂ ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. ಜೋಲಿಯ ಕೂಸು ಮಾತ್ರ ಏಳಲಿಲ್ಲ.

ಗ್ರಾಂಟು ಬಂತು. ಜೊತೆಗೊಂದು ಷರತ್ತೂ ಬಂತು: ಮಗು ಹೇಗೆ ಮಲಗುತ್ತದೆಂದು ತಾಯಿಯನ್ನು ಕೇಳಿ ಬರೆದುಕೊಂಡರೆ ಸಾಲದು, ಕುಳಿತು ನೋಡಬೇಕು, ಜೊತೆಗೆ, ತಾಯಂದಿರು ಹೆದರದೆ ಉತ್ತರಿಸುವಂತೆ ಪ್ರಶ್ನೆಗಳನ್ನು ಹೊಸದಾಗಿ ಕಟ್ಟಬೇಕು. ಸುಚಿತ್ರಾ ದಾವಣಗೆರೆಗೆ ಫೋನು ಮಾಡಿ ಬರುವುದಿಲ್ಲವೆಂದಳು. ಕುಳಿತು ನೋಡುವ ಕೆಲಸಕ್ಕೆ ನಾನು ನನ್ನ ಸೇವೆಯನ್ನು ಉಚಿತವಾಗಿ ಅರ್ಪಿಸಿದೆ. ಅವಳು ಅದನ್ನು ಬಹಳ ವಿನಯದಿಂದ ನಿರಾಕರಿಸಿದಳು. ಪ್ರಶ್ನೆಗಳನ್ನು ಮೊದಲು ನನ್ನ ಮೇಲೆ ಪ್ರಯೋಗಿಸಲು ಮಾತ್ರ ಒಪ್ಪಿದಳು.

ಸರೋಜ ಒಬ್ಬಟ್ಟು ಮಾಡಿದ್ದ ಮಧ್ಯಾಹ್ನವದು. ಸುಚಿತ್ರಾ ಬಡಿಸಿದ್ದನ್ನೆಲ್ಲ ಮುಗಿಸಿ, ಇನ್ನೊಂದು ಹಾಕಿಸಿಕೊಂಡು, ಎದುರಿಗೆ ಕುಳಿತು ಗತ್ತಿನಿಂದ ಕೇಳಿದಳು: "ಹೇಳಿ ಮಾವ, ನಿಮ್ಮ ಮನೆಯ ಮಗು ಹೇಗಿದೆ?"

ನಾನು ಅವಳನ್ನು ನೋಡಿದೆ. ಬಿಸಿಲಿಗೆ ಕಪ್ಪಾಗಿದ್ದ ಮುಖ ಬೆಳಗುತ್ತಿತ್ತು. ತುಟಿಯ ಅಂಚಿನಲ್ಲಿ ತುಪ್ಪ. ನೇರವಾದ ಪ್ರಶ್ನೆ, ನೇರವಾದ ಉತ್ತರ ಕೊಡಲು ನನಗೇನು ಕಷ್ಟ?

"ಎಲ್ಲಿ ಚೆನ್ನಾಗಿದೆ," ಎಂದೆ. "ಊಟವಿಲ್ಲ, ನಿದ್ದೆಯಿಲ್ಲ. ಸೊರಗಿಹೋಗಿದೆ."